ನಲ್ಲಿ ನೀರು ಬಂದರೆ ಬಡತನ ಹೋಗುತ್ತಾ?

ಪ್ರಶ್ನೆ: ಶುದ್ಧ ನೀರು, ಶೌಚಾಲಯ ಸಿಕ್ಕರೆ ಜಗತ್ತಿನ ಬಡತನ ಕಡಿಮೆಯಾಗುತ್ತದೆ ಎಂದು ಎಲ್ಲ ಕಡೆ ಹೇಳುತ್ತಾರೆ. ನನಗೆ ಇದು ಉಲ್ಟಾ ಅನ್ನಿಸುತ್ತದೆ. ದುಡ್ಡಿದ್ದ ದೇಶಗಳು ಪೈಪು, ಚರಂಡಿ ಹಾಕಿಸಿಕೊಂಡವು, ಅಷ್ಟೇ ಅಲ್ವಾ? ಬಡವರಿಗೆ ಮೊದಲು ಬೇಕಾದದ್ದು ಕೆಲಸ, ಕೂಲಿ. ನೀರಿನಿಂದ ಸಂಪಾದನೆ ಹೇಗೆ ಹೆಚ್ಚುತ್ತದೆ? ನೀರಿನ ಕೆಲಸ ಮಾಡುವ ಸಂಸ್ಥೆಯೊಂದಕ್ಕೆ ಪ್ರತಿ ವರ್ಷ ಸ್ವಲ್ಪ ಹಣ ಕೊಡೋಣ ಅಂದುಕೊಂಡಿದ್ದೇನೆ. ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ನಿಮ್ಮ ಅನುಮಾನದಲ್ಲಿ ಅರ್ಧ ಸತ್ಯ ಇದೆ. ದುಡ್ಡು ಬಂದ ಮೇಲೆ ಪೈಪು ಬಂದದ್ದು ಎಷ್ಟೋ ಕಡೆ ನಿಜ. ದೇಶಗಳ ಆದಾಯವನ್ನೂ ನಲ್ಲಿಗಳ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು, 'ನೋಡಿ, ನೀರು ಕೊಟ್ಟರೆ ಜನ ಶ್ರೀಮಂತರಾಗುತ್ತಾರೆ' ಎಂದು ತೋರಿಸುವ ಚಿತ್ರಗಳನ್ನು ನಾನೂ ನಂಬುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅದರಿಂದ ಗೊತ್ತಾಗುವುದಿಲ್ಲ.

ಇನ್ನರ್ಧಕ್ಕೆ ಬರೋಣ. ನೀರು ಯಾರಿಗೂ ಸಂಬಳ ಕೊಡುವುದಿಲ್ಲ. ಆದರೆ ನೀರಿಲ್ಲದ ಮನೆಯವರಿಗೆ ದುಡಿದದ್ದು ಕೈಯಲ್ಲಿ ನಿಲ್ಲುವುದಿಲ್ಲ. ಎಷ್ಟೋ ದಿನ ದುಡಿಯಲೂ ಆಗುವುದಿಲ್ಲ. ತೂತು ಬಿದ್ದ ಕೊಡ ತುಂಬಿಸಲು ಹೊರಟ ಹಾಗೆ. ನೀವು ಹೇಳುವ ಕೆಲಸ, ಕೂಲಿ ಖಂಡಿತ ಬೇಕು. ನಾನು ಹೇಳುತ್ತಿರುವುದು ತೂತಿನ ವಿಷಯ.

ಮೊದಲು ಯಾವುದು ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗುವುದು ನೂರು ವರ್ಷ ಹಿಂದಿನ ಅಮೆರಿಕದಲ್ಲಿ. ಆಗ ಅಲ್ಲಿನ ದಕ್ಷಿಣ ರಾಜ್ಯಗಳ ಬಡ ರೈತರನ್ನು 'ಸೋಮಾರಿಗಳು' ಎಂದು ಆಡಿಕೊಳ್ಳುತ್ತಿದ್ದರು. ಸ್ವಲ್ಪ ಕೆಲಸ ಮಾಡಿದರೆ ಕೂತುಬಿಡುತ್ತಾರೆ, ಮಕ್ಕಳು ಶಾಲೆಯಲ್ಲಿ ತೂಕಡಿಸುತ್ತಾರೆ, ಅವರ ಜಾಯಮಾನವೇ ಅಷ್ಟು ಎಂಬ ಮಾತು. ನಿಜವಾದ ಕಾರಣ ಕೊಕ್ಕೆಹುಳು. ಇದರ ಮೊಟ್ಟೆ ಮಲದಲ್ಲಿ ಹೊರಗೆ ಬಂದು ತೇವದ ಮಣ್ಣಿನಲ್ಲಿ ಮರಿಯಾಗುತ್ತದೆ. ಬರಿಗಾಲಲ್ಲಿ ನಡೆದವರ ಚರ್ಮ ಕೊರೆದು ಒಳಗೆ ಹೋಗುತ್ತದೆ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಇದರಿಂದ ಸಾಯುವವರು ಕಮ್ಮಿ. ಆದರೆ ಮೈಯಲ್ಲಿ ರಕ್ತವೇ ಇಲ್ಲದೆ ಸದಾ ಸುಸ್ತು. ಬಯಲಲ್ಲಿ ಶೌಚ, ಕಾಲಿಗೆ ಚಪ್ಪಲಿ ಇಲ್ಲ. ಹುಳುವಿಗೆ ಇನ್ನೇನು ಬೇಕು?

1909ರಲ್ಲಿ ಎಣ್ಣೆ ಉದ್ಯಮದ ದೊಡ್ಡ ಶ್ರೀಮಂತ ಜಾನ್ ಡಿ. ರಾಕೆಫೆಲರ್ 10 ಲಕ್ಷ ಡಾಲರ್ ಕೊಟ್ಟು ಇದಕ್ಕೊಂದು ಆಯೋಗ ಮಾಡಿಸಿದ. ಅದು ಊರೂರಿಗೆ ಹೋಗಿ ಪರೀಕ್ಷೆ ಮಾಡಿತು. ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಹುಳು ಇತ್ತು. ಔಷಧಿ ಕೊಟ್ಟರು. ಶೌಚದ ಗುಂಡಿ ಕಟ್ಟುವುದು ಹೇಗೆ ಎಂದು ತೋರಿಸಿದರು. ಔಷಧಿ ಹುಳು ಕೊಲ್ಲುತ್ತದೆ ನಿಜ. ಆದರೆ ಮಲ ಮಣ್ಣಿಗೆ ಬೀಳುವುದು ನಿಲ್ಲದಿದ್ದರೆ ಹುಳು ಮತ್ತೆ ಬಂದೇ ಬರುತ್ತದೆ. ಎಷ್ಟೋ ವರ್ಷ ಕಳೆದ ಮೇಲೆ ಹೊಯ್ಟ್ ಬ್ಲೀಕ್ಲಿ ಎಂಬ ಅರ್ಥಶಾಸ್ತ್ರಜ್ಞ ಹಳೆಯ ದಾಖಲೆಗಳನ್ನು ಕೆದಕಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎಲ್ಲಿ ಹುಳು ಜಾಸ್ತಿ ಇತ್ತೋ ಅಲ್ಲೇ, ಈ ಕಾರ್ಯಕ್ರಮದ ನಂತರ, ಶಾಲೆಗೆ ಹೋಗುವ ಮಕ್ಕಳು ಹೆಚ್ಚು ಏರಿದರು, ಓದು ಬಲ್ಲವರೂ ಏರಿದರು. ಆ ಮಕ್ಕಳು ದೊಡ್ಡವರಾದ ಮೇಲೆ ಸಂಪಾದನೆಯೂ ಏರಿತು. ಇಲ್ಲಿ ದುಡ್ಡು ಮೊದಲು ಬರಲಿಲ್ಲ. ಹುಳು ಮೊದಲು ಹೋಯಿತು.

ಇದು ಹಳೆಯ ಕತೆ ಅನ್ನಿಸಿದರೆ ಕೀನ್ಯಾದ ಉದಾಹರಣೆ ಇದೆ. ಅಲ್ಲಿ 1990ರ ದಶಕದ ಕೊನೆಯಲ್ಲಿ ಶಾಲಾ ಮಕ್ಕಳಿಗೆ ಹುಳುವಿನ ಔಷಧಿ ಕೊಟ್ಟರು. ಕೆಲವು ಶಾಲೆಗಳಿಗೆ ಮೊದಲು, ಕೆಲವಕ್ಕೆ ಎರಡು ಮೂರು ವರ್ಷ ತಡವಾಗಿ. ಸುಮಾರು 20 ವರ್ಷದ ಮೇಲೆ ಅದೇ ಮಕ್ಕಳನ್ನು ಹುಡುಕಿ ವಿಚಾರಿಸಿದರು. ಮೊದಲು ಔಷಧಿ ಸಿಕ್ಕವರು ಗಂಟೆಗೆ ಗಳಿಸುತ್ತಿದ್ದದ್ದು ಉಳಿದವರಿಗಿಂತ ಶೇ. 13ರಷ್ಟು ಜಾಸ್ತಿ. ಔಷಧಿಯಿಂದ ಇಷ್ಟು ಆಗುತ್ತದೆ ಎಂದರೆ, ಹುಳು ಮೈಗೆ ಹತ್ತದಂತೆಯೇ ನೋಡಿಕೊಂಡರೆ ಎಷ್ಟಾಗಬಹುದು ಎಂದು ನೀವೇ ಯೋಚಿಸಿ.

ಈಗ ಹೊತ್ತಿನ ಲೆಕ್ಕ. ನೀರಿನ ಮಾತು ಬಂದಾಗ ಎಲ್ಲರೂ ರೋಗದ ಬಗ್ಗೆ ಮಾತಾಡುತ್ತಾರೆ. ಬಡ ಮನೆಯ ಹೆಂಗಸನ್ನು ಕೇಳಿದರೆ ಮೊದಲು ಬರುವ ಮಾತು ಕಾಲು ನೋವು, ಸಾಲಿನಲ್ಲಿ ನಿಂತ ಹೊತ್ತು.

ಐದು ಜನರ ಮನೆ ಎಂದಿಟ್ಟುಕೊಳ್ಳಿ. ಕುಡಿಯಲು, ಅಡುಗೆಗೆ, ಕೈ ಮುಖಕ್ಕೆ ಅಂತ ತಲೆಗೆ 20 ಲೀಟರ್ ಹಿಡಿದರೂ 100 ಲೀಟರ್ ಆಯಿತು. ಸ್ನಾನ, ಬಟ್ಟೆ ಇದರಲ್ಲಿ ಬಂದರೂ ಹೆಸರಿಗೆ ಮಾತ್ರ. 20 ಲೀಟರಿನ ಕ್ಯಾನ್ ಐದು ಸಲ. ಒಂದೊಂದು ಕ್ಯಾನೂ 20 ಕಿಲೋ. ಹೋಗಿ, ನಿಂತು, ಹೊತ್ತು ಬರಲು ಒಂದು ಸಲಕ್ಕೆ ಅರ್ಧ ಗಂಟೆ ಎಂದರೆ ದಿನಕ್ಕೆ ಎರಡೂವರೆ ಗಂಟೆ. ಗಮನಿಸಿ, ಅರ್ಧ ಗಂಟೆಯೊಳಗೆ ಒಳ್ಳೆಯ ಮೂಲದಿಂದ ನೀರು ತರಬಹುದಾದರೆ ಅಂಥ ಮನೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 'ಮೂಲಭೂತ ನೀರಿನ ಸೌಲಭ್ಯ ಇದೆ' ಎಂಬ ಪಟ್ಟಿಗೇ ಸೇರಿಸುತ್ತವೆ. ಅಂದರೆ ಈ ಹೆಂಗಸು ಅಂಕಿಅಂಶದಲ್ಲಿ ತೊಂದರೆ ಇಲ್ಲದವಳು!

ಸಾಲು ಯಾಕೆ ಅಷ್ಟುದ್ದ ಆಗುತ್ತದೆ ಎಂಬುದನ್ನೂ ನೋಡೋಣ. ತುರ್ತು ಪರಿಹಾರ ಕೆಲಸದವರು ಬಳಸುವ ಸ್ಫಿಯರ್ ಮಾನದಂಡ ಅಂತ ಒಂದಿದೆ. ಅದರ ಪ್ರಕಾರ ಒಂದು ಕೈಪಂಪಿಗೆ ಹೆಚ್ಚೆಂದರೆ 500 ಜನ, ತಲೆಗೆ ಕನಿಷ್ಠ 15 ಲೀಟರ್, ಪಂಪು ನಿಮಿಷಕ್ಕೆ 17 ಲೀಟರ್ ಕೊಡಬೇಕು. ಗುಣಿಸಿ ನೋಡಿ. 7,500 ಲೀಟರ್ ಎತ್ತಲು ಏಳು ಗಂಟೆಗೂ ಮೇಲೆ ಹಿಡಿಕೆ ಒಂದು ಕ್ಷಣವೂ ನಿಲ್ಲಬಾರದು. ಕ್ಯಾನ್ ಬದಲಿಸುವ ಹೊತ್ತು, ಮಕ್ಕಳು ನಿಧಾನಕ್ಕೆ ಜಗ್ಗುವ ಹೊತ್ತು ಇದರಲ್ಲಿ ಸೇರಿಲ್ಲ. ಎಲ್ಲರಿಗೂ ಬೇಕಿರುವುದು ಬೆಳಗಿನ ನೀರೇ. ಆಗ ಏನಾಗುತ್ತದೆ? ಬೆಳಕು ಹರಿಯುವ ಮೊದಲೇ ಹೋಗಿ ಕ್ಯಾನ್ ಇಟ್ಟು ಬರುವುದು, ಮಗಳನ್ನು ಸಾಲಿನಲ್ಲಿ ನಿಲ್ಲಿಸಿ ತಾಯಿ ಒಲೆ ಹಚ್ಚಲು ಓಡುವುದು, ಶಾಲೆಯ ಗಂಟೆ ಹೊಡೆದ ಮೇಲೆ ಮಗಳು ಮನೆಗೆ ಬರುವುದು. ದಿನದ ಕೂಲಿಗೆ ಜನ ಕರೆಯುವ ಹೊತ್ತೂ ಬೆಳಗೇ ಅಲ್ವಾ? ಅದು ತಪ್ಪಿದರೆ ಆ ದಿನ ಹೋಯಿತು.

ಹೆಂಗಸರು, ಹುಡುಗಿಯರು ಸೇರಿ ಜಗತ್ತಿನಲ್ಲಿ ದಿನಕ್ಕೆ 20 ಕೋಟಿ ಗಂಟೆ ನೀರು ತರುವುದರಲ್ಲೇ ಕಳೆಯುತ್ತಾರೆ ಎಂದು ಯುನಿಸೆಫ್ 2016ರಲ್ಲಿ ಅಂದಾಜು ಮಾಡಿತ್ತು. 2023ರ ವರದಿಯ ಪ್ರಕಾರ ಮನೆ ಆವರಣದಲ್ಲಿ ನೀರಿಲ್ಲದವರು 180 ಕೋಟಿ. ಅಂಥ ಹತ್ತು ಮನೆಗಳಲ್ಲಿ ಏಳರಲ್ಲಿ ನೀರು ಹೆಣ್ಣಿನ ಹೆಗಲ ಮೇಲೆ. ಸುರಕ್ಷಿತ ಎನ್ನಬಹುದಾದ ಕುಡಿಯುವ ನೀರು ಸಿಗದವರು 2022ರಲ್ಲಿ 220 ಕೋಟಿ, ಸುರಕ್ಷಿತ ಶೌಚ ವ್ಯವಸ್ಥೆ ಇಲ್ಲದವರು 350 ಕೋಟಿ.

ಇನ್ನೊಂದು ವಿಚಾರ ಹೊರಗಿನವರಿಗೆ ಅಷ್ಟು ತಿಳಿದಿರುವುದಿಲ್ಲ. ನೀರಿನ ಮೂಲ ಹತ್ತಿರ ಬಂದಷ್ಟೂ ಜನ ಜಾಸ್ತಿ ನೀರು ಬಳಸುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗೆ ಆಗುವುದಿಲ್ಲ. ಹೋಗಿಬರಲು ಅರ್ಧ ಗಂಟೆ ಇದ್ದದ್ದು ಹತ್ತು ನಿಮಿಷಕ್ಕೆ ಇಳಿದರೂ ಬಳಕೆ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಹೊತ್ತು ತರುವುದು ತಪ್ಪಲಿಲ್ಲವಲ್ಲ! ನಲ್ಲಿ ಅಂಗಳದೊಳಗೆ ಬಂದಾಗ ಮಾತ್ರ ಬಳಕೆ ಒಮ್ಮೆಲೇ ಎರಡು ಮೂರು ಪಟ್ಟು ಜಿಗಿಯುತ್ತದೆ. ಕೈ ತೊಳೆಯಲು, ಮಕ್ಕಳಿಗೆ ಸ್ನಾನ ಮಾಡಿಸಲು, ನಾಲ್ಕು ಗಿಡಕ್ಕೆ ಹಾಕಲು, ಎರಡು ಆಡಿಗೆ ಕುಡಿಸಲು ನೀರು ಸಿಗುವುದು ಆಗಲೇ. ಬೀದಿಯ ಮೂಲೆಗೊಂದು ನಲ್ಲಿ ಹಾಕಿಸಿ ಕೆಲಸ ಅರ್ಧ ಮುಗಿಯಿತು ಎನ್ನುವವರಿಗೆ ಇದನ್ನು ಹೇಳಬೇಕು. ಅರ್ಧ ಖರ್ಚಿಗೆ ಅರ್ಧ ಲಾಭ ಬರುವ ಬಾಬ್ತು ಇದಲ್ಲ.

ಹಾಗಾದರೆ ಮನೆಗೆ ನಲ್ಲಿ ಬಂದ ಕೂಡಲೇ ಆದಾಯ ಏರುತ್ತದಾ? ಇಲ್ಲಿ ನಿಮ್ಮ ಅನುಮಾನಕ್ಕೆ ಪುಷ್ಟಿ ಕೊಡುವ ಒಂದು ಅಧ್ಯಯನ ಇದೆ, ಮುಚ್ಚಿಡುವುದಿಲ್ಲ. ಮೊರಾಕ್ಕೋದ ಟ್ಯಾಂಜಿಯರ್ ನಗರದಲ್ಲಿ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ಮಾಡಿದ್ದು, 2012ರಲ್ಲಿ ಪ್ರಕಟವಾಯಿತು. ಬೀದಿ ನಲ್ಲಿಯಿಂದ ನೀರು ತರುತ್ತಿದ್ದ ಮನೆಗಳಿಗೆ ಬಡ್ಡಿಯಿಲ್ಲದ ಸಾಲದ ಮೇಲೆ ಮನೆ ನಲ್ಲಿ ಹಾಕಿಸಿಕೊಳ್ಳಲು ನೆರವಾದರು. ಜನ ಸಾಲ ತೀರಿಸಲು ಒಪ್ಪಿ ಹಾಕಿಸಿಕೊಂಡರು. ಆಮೇಲೆ ನೋಡಿದರೆ ಕಾಯಿಲೆ ಕಮ್ಮಿಯಾಗಿರಲಿಲ್ಲ, ಏಕೆಂದರೆ ಬೀದಿ ನಲ್ಲಿಯ ನೀರೂ ಚೆನ್ನಾಗಿಯೇ ಇತ್ತು. ಆದಾಯವೂ ಏರಿರಲಿಲ್ಲ. ಉಳಿದ ಹೊತ್ತನ್ನು ಜನ ವಿಶ್ರಾಂತಿಗೆ, ನೆಂಟರಿಷ್ಟರ ಜೊತೆ ಮಾತಿಗೆ ಬಳಸಿದ್ದರು. ನೀರಿನ ವಿಚಾರಕ್ಕೆ ನೆರೆಹೊರೆಯವರ ಜೊತೆ ಆಗುತ್ತಿದ್ದ ಜಗಳ ಕಮ್ಮಿಯಾಗಿತ್ತು. ಬದುಕು ಹಗುರಾಯಿತು ಎಂದು ಅವರೇ ಹೇಳಿದರು.

ಇದರಿಂದ ನಾನು ಕಲಿಯುವ ಪಾಠ ಇಷ್ಟು. ಉಳಿದ ಹೊತ್ತು ತಾನಾಗಿ ದುಡ್ಡಾಗುವುದಿಲ್ಲ. ಹತ್ತಿರದಲ್ಲಿ ಕೆಲಸ ಇರಬೇಕು, ಹೆಂಗಸು ಹೊರಗೆ ಹೋಗಿ ದುಡಿಯಬಹುದಾದ ವಾತಾವರಣ ಇರಬೇಕು. ನೀವು ಕೇಳಿದ 'ಕೆಲಸ, ಕೂಲಿ' ಇಲ್ಲಿ ಬರುತ್ತದೆ. ಆದರೆ ಇನ್ನೊಂದು ಮಾತು. ದಿನವಿಡೀ ದುಡಿದು ದಣಿದವಳಿಗೆ ಒಂದು ಗಂಟೆ ಕೂತುಕೊಳ್ಳಲು ಸಿಕ್ಕರೆ ಅದನ್ನು ಲಾಭದ ಪಟ್ಟಿಯಿಂದ ಬಿಡುವುದು ಯಾವ ನ್ಯಾಯ? ಬಡತನ ಅಂದರೆ ಕೈಯಲ್ಲಿ ಕಾಸಿಲ್ಲದಿರುವುದಷ್ಟೇ ಅಲ್ಲ.

'ಶೌಚಾಲಯಕ್ಕೆ ಹಾಕಿದ ಒಂದು ಡಾಲರಿಗೆ ಐದೂವರೆ ಡಾಲರ್ ವಾಪಸ್' ಎಂಬ ಮಾತನ್ನೂ ನೀವು ಕೇಳಿರಬಹುದು. ಅದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಮಾಡಿದ ಲೆಕ್ಕ. ಕುಡಿಯುವ ನೀರಿಗೆ ಅದೇ ಲೆಕ್ಕದಲ್ಲಿ ಎರಡು ಡಾಲರ್. ಲೆಕ್ಕ ಸುಳ್ಳಲ್ಲ. ಆದರೆ ಅದರಲ್ಲಿ ಬಹುಪಾಲು ಜನರ ಉಳಿದ ಸಮಯಕ್ಕೆ ಬೆಲೆ ಕಟ್ಟಿದ್ದು. ಸರ್ಕಾರದ ಖಜಾನೆಗೋ, ಮನೆಯ ಡಬ್ಬಿಗೋ ಐದೂವರೆ ಡಾಲರ್ ಬಂದು ಬೀಳುತ್ತದೆ ಎಂದು ತಿಳಿಯಬಾರದು. ಭಾಷಣದಲ್ಲಿ ಈ ಅಂಕಿ ಕೇಳಿದಾಗಲೆಲ್ಲ ನನಗೆ ಸ್ವಲ್ಪ ಕಿರಿಕಿರಿ.

ಕಾಯಿಲೆಯ ವಿಷಯಕ್ಕೆ ಬಂದರೆ, ದುಡ್ಡಿನ ನಂಟು ಕಣ್ಣಿಗೆ ಕಾಣುವ ಹಾಗಿರುವುದು ನಾರುಹುಣ್ಣಿನಲ್ಲಿ. ನಿಂತ ನೀರಿನಲ್ಲಿ ನೀರುಚಿಗಟ ಎಂಬ, ಕಣ್ಣಿಗೆ ಸರಿಯಾಗಿ ಕಾಣದ ಚಿಕ್ಕ ಜೀವಿಗಳಿರುತ್ತವೆ. ಈ ಕಾಯಿಲೆ ತರುವ ಹುಳುವಿನ ಮರಿ ಇರುವುದು ಅವುಗಳ ಒಳಗೆ. ಆ ನೀರು ಕುಡಿದು ಸುಮಾರು ಒಂದು ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ಕಾಲಿನ ಮೇಲೆ ಒಂದು ಬೊಕ್ಕೆ. ಬೆಂಕಿ ಇಟ್ಟಂತೆ ಉರಿ. ಬೊಕ್ಕೆ ಒಡೆದು ಬಿಳಿ ದಾರದ ಹಾಗೆ ಹುಳು ಹೊರಗೆ ಇಣುಕುತ್ತದೆ. ಉದ್ದ ಒಂದು ಮೀಟರ್ ತನಕ. ಜಗ್ಗಿದರೆ ತುಂಡಾಗಿ ಒಳಗೇ ಕೊಳೆಯುತ್ತದೆ. ಹಾಗಾಗಿ ಚಿಕ್ಕ ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟೇ ಹೊರಗೆಳೆಯಬೇಕು. ವಾರಗಟ್ಟಲೆ ಇದೇ ಕೆಲಸ. ಅಷ್ಟೂ ದಿನ ನಡೆಯಲಾಗುವುದಿಲ್ಲ, ಹೊಲಕ್ಕೆ ಹೋಗುವ ಮಾತೇ ಇಲ್ಲ. ಉರಿ ತಾಳದೆ ಕಾಲನ್ನು ಕೆರೆಗೆ ಇಳಿಬಿಟ್ಟರೆ ಹುಳು ಸಾವಿರಾರು ಮರಿಗಳನ್ನು ಆ ನೀರಿಗೆ ಬಿಡುತ್ತದೆ. ಮುಂದಿನ ವರ್ಷದ ಕಾಯಿಲೆಗೆ ಅಲ್ಲೇ ಬೀಜ ಬಿತ್ತು.

ಇದು ಬರುವ ಹೊತ್ತು ನೋಡಿ. ಎಷ್ಟೋ ಕಡೆ ಬಿತ್ತನೆಗೋ ಕೊಯ್ಲಿಗೋ ಸರಿಯಾಗಿ ಬರುತ್ತಿತ್ತು. ಆಗ್ನೇಯ ನೈಜೀರಿಯಾದ ಭತ್ತದ ರೈತರು ಈ ಒಂದು ಹುಳುವಿನಿಂದ ವರ್ಷಕ್ಕೆ 2 ಕೋಟಿ ಡಾಲರ್ ಕಳೆದುಕೊಳ್ಳುತ್ತಿದ್ದರು ಎಂದು 1987ರ ಒಂದು ಅಧ್ಯಯನ ಅಂದಾಜು ಮಾಡಿತ್ತು. ಇದಕ್ಕೆ ಲಸಿಕೆ ಇಲ್ಲ, ಮದ್ದೂ ಇಲ್ಲ. ಗೆದ್ದದ್ದು ಬಟ್ಟೆಯಲ್ಲಿ ನೀರು ಸೋಸಿ, ಕೆರೆಗೆ ನೀರುಚಿಗಟ ಕೊಲ್ಲುವ ಔಷಧಿ ಹಾಕಿ, ಹುಣ್ಣು ಇರುವವರು ನೀರಿಗೆ ಇಳಿಯದಂತೆ ನೋಡಿಕೊಂಡು, ಕೊಳವೆಬಾವಿ ತೋಡಿ. 1986ರಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ಬರುತ್ತಿತ್ತು. 2023ರಲ್ಲಿ ಇಡೀ ಜಗತ್ತಿನಲ್ಲಿ 14 ಮಂದಿಗೆ ಮಾತ್ರ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಧಿಕಾರ ಬಿಟ್ಟ ಮೇಲೆ ಇದರ ಬೆನ್ನು ಹತ್ತಿದ್ದು ದೊಡ್ಡ ಕಾರಣ.

ಭೇದಿಯ ನಷ್ಟ ಇಷ್ಟು ಎದ್ದು ಕಾಣುವುದಿಲ್ಲ. ಒಂದು ಮಗುವಿಗೆ ಮೂರು ದಿನ ಭೇದಿ. ತಾಯಿಯ ಮೂರು ದಿನದ ಕೂಲಿ ಹೋಯಿತು. ಔಷಧಿಗೆ, ಬಸ್ಸಿಗೆ ಸ್ವಲ್ಪ ಕೈಸಾಲ. ಅದಕ್ಕೆ ಬಡ್ಡಿ. ತೀರುವ ಹೊತ್ತಿಗೆ ಇನ್ನೊಂದು ಮಗುವಿಗೆ. ಒಂದೊಂದೂ ಚಿಕ್ಕ ಮೊತ್ತವೇ. ಆದರೆ ಬಿತ್ತನೆ ಬೀಜಕ್ಕೆ ಎತ್ತಿಟ್ಟ ದುಡ್ಡು ಹೋಗುವುದು ಹೀಗೇ. ಕೆಟ್ಟ ನೀರು, ಶೌಚದ ಕೊರತೆ, ಕೈ ತೊಳೆಯಲಾಗದ ಸ್ಥಿತಿ, ಇವುಗಳಿಂದ 2019ರಲ್ಲಿ ಸತ್ತವರು 14 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಇಲ್ಲಿಯೂ ಒಂದು ತೊಡಕು ಇದೆ. ಪದೇ ಪದೇ ಭೇದಿಯಾಗುವ ಮಗು ಕುಳ್ಳಗೆ ಉಳಿಯುತ್ತದೆ, ಮುಂದೆ ಕಲಿಕೆ, ಗಳಿಕೆ ಎರಡೂ ಕುಗ್ಗುತ್ತವೆ ಎಂಬುದು ಬಹಳ ಕಾಲದ ನಂಬಿಕೆ. ಆದ್ದರಿಂದ ನೀರು, ಶೌಚ ಸರಿ ಮಾಡಿದರೆ ಮಕ್ಕಳು ಎತ್ತರ ಬೆಳೆಯಬೇಕು. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಯಲ್ಲಿ ಸಾವಿರಾರು ಮಕ್ಕಳ ಮೇಲೆ ದೊಡ್ಡ ಪರೀಕ್ಷೆಗಳು ನಡೆದವು. ಫಲಿತಾಂಶ 2018, 2019ರಲ್ಲಿ ಬಂತು. ಮಕ್ಕಳ ಎತ್ತರ ಹೆಚ್ಚಲಿಲ್ಲ. ಬಾಂಗ್ಲಾದೇಶದಲ್ಲಿ ಭೇದಿ ಇಳಿಯಿತು, ಉಳಿದೆರಡು ಕಡೆ ಅದೂ ಇಳಿಯಲಿಲ್ಲ. ಈ ಕ್ಷೇತ್ರದಲ್ಲಿ ಇರುವವರಿಗೆಲ್ಲ ಇದು ದೊಡ್ಡ ಹೊಡೆತ.

ಯಾಕೆ ಹೀಗಾಯಿತು? ಅಲ್ಲಿ ಕೊಟ್ಟದ್ದು ಒಂದು ಸಾದಾ ಗುಂಡಿ ಶೌಚಾಲಯ, ಕೈ ತೊಳೆಯುವ ಜಾಗ, ನೀರಿಗೆ ಹಾಕುವ ಕ್ಲೋರಿನ್. ಮನೆಗೆ ನಲ್ಲಿ ಬರಲಿಲ್ಲ. ಅಂಗಳದಲ್ಲಿ ಕೋಳಿ, ಆಡು ಓಡಾಡುತ್ತಲೇ ಇದ್ದವು. ಎಷ್ಟೋ ಮನೆಗಳಲ್ಲಿ ಅಂಬೆಗಾಲಿಡುವ ಮಗು ಅದೇ ಮಣ್ಣಿನಲ್ಲಿ ಆಡಿ ಕೈಯನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು. ರೋಗಾಣುವಿಗೆ ಹತ್ತು ದಾರಿ ಇದ್ದು ಮೂರು ಮುಚ್ಚಿದರೆ ಅದು ಉಳಿದ ಏಳರಲ್ಲಿ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ನೀರು ಬೇಡ ಎನ್ನುವ ಪುರಾವೆ ಅಲ್ಲ. ಅಗ್ಗದಲ್ಲಿ, ಅರೆಬರೆಯಾಗಿ ಮುಗಿಸುತ್ತೇವೆ ಎನ್ನುವವರಿಗೆ ಉತ್ತರ.

ಆಮೇಲೆ ಇನ್ನೊಂದು ಕಡೆಯಿಂದ ಒಳ್ಳೆಯ ಸುದ್ದಿ ಬಂತು. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರು ಕುಡಿಯುವ ನೀರನ್ನು ಶುದ್ಧ ಮಾಡಿದ ಹಲವಾರು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದರು. ಐದು ವರ್ಷದೊಳಗಿನ ಮಕ್ಕಳ ಸಾವು ಸುಮಾರು ಕಾಲು ಭಾಗ ಇಳಿದಿತ್ತು. ಕ್ಲೋರಿನ್ ಬಹಳ ಅಗ್ಗದ ವಸ್ತು. ಕೀನ್ಯಾ, ಉಗಾಂಡಾದ ಹಳ್ಳಿಗಳಲ್ಲಿ ನೀರು ಹಿಡಿಯುವ ಜಾಗದಲ್ಲೇ ಒಂದು ನೀಲಿ ಡಬ್ಬಿ ನಿಲ್ಲಿಸಿರುತ್ತಾರೆ. ತಿರುಗಣೆ ಒಮ್ಮೆ ತಿರುಗಿಸಿದರೆ ಒಂದು ಕ್ಯಾನಿಗೆ ಬೇಕಾದಷ್ಟೇ ಹನಿ ಬೀಳುತ್ತದೆ. ಅಳೆಯುವುದು ಬೇಡ, ನೆನಪಿಟ್ಟುಕೊಳ್ಳುವುದು ಬೇಡ. ಮನೆಗೆ ಹೋಗುವಷ್ಟರಲ್ಲಿ ನೀರು ಕ್ಯಾನಿನಲ್ಲಿ ಕುಲುಕಿ ಬೆರೆತಿರುತ್ತದೆ.

ಶೌಚಾಲಯದ ಕತೆ ನೀರಿಗಿಂತ ಸ್ವಲ್ಪ ಬೇರೆ. ನನ್ನ ಮನೆಯ ನಲ್ಲಿಯ ಲಾಭ ಮುಖ್ಯವಾಗಿ ನನಗೆ. ನನ್ನ ಶೌಚಾಲಯದ ಲಾಭದಲ್ಲಿ ದೊಡ್ಡ ಪಾಲು ಪಕ್ಕದ ಮನೆಯವರಿಗೆ. ನಾನೊಬ್ಬ ಕಟ್ಟಿಸಿ ಊರವರೆಲ್ಲ ಬಯಲಿಗೆ ಹೋದರೆ ನನ್ನ ಮಕ್ಕಳಿಗೆ ಕಾಯಿಲೆ ತಪ್ಪುವುದಿಲ್ಲ. ಅದಕ್ಕೇ ಬಡವರು ಸ್ವಂತ ದುಡ್ಡಲ್ಲಿ ಇದಕ್ಕೆ ಮುಂದಾಗುವುದು ಕಮ್ಮಿ. ಅದು ದಡ್ಡತನ ಅಲ್ಲ, ಸರಿಯಾದ ಲೆಕ್ಕವೇ. ಸಾರ್ವಜನಿಕ ಹಣ ಬೇಕಾಗುವುದು ಇಲ್ಲಿ.

ದೊಡ್ಡವರು ಈ ಹಣ ಬಿಚ್ಚುವುದು ಯಾವಾಗ ಎಂಬುದಕ್ಕೆ ಲಂಡನ್ ಸಾಕ್ಷಿ. ಕಾಲರಾ ನೀರಿನಿಂದ ಬರುತ್ತದೆ ಎಂದು ಜಾನ್ ಸ್ನೋ ಎಂಬ ವೈದ್ಯ 1854ರಲ್ಲೇ ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತ ಸತ್ತವರ ಲೆಕ್ಕ ಹಾಕಿ ತೋರಿಸಿದ್ದ. ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ಹೊಲಸು ನಾತ ದಂಡೆಯ ಮೇಲಿದ್ದ ಸಂಸತ್ತಿನ ಒಳಗೇ ನುಗ್ಗಿತು. ಸಂಸದರು ಮೂಗು ಮುಚ್ಚಿಕೊಂಡರು. ಕೆಲವೇ ವಾರಗಳಲ್ಲಿ ಕಾನೂನು ಪಾಸಾಯಿತು! ಜೋಸೆಫ್ ಬ್ಯಾಜಲ್‌ಗೆಟ್ ಎಂಬ ಎಂಜಿನಿಯರ್ ಒಳಚರಂಡಿ ಕಟ್ಟಲು ಶುರು ಮಾಡಿದ. 1866ರಲ್ಲಿ ಕಾಲರಾ ಮತ್ತೆ ಬಂದಾಗ ಹೆಚ್ಚಾಗಿ ಬಲಿ ತೆಗೆದುಕೊಂಡದ್ದು ಹೊಸ ವ್ಯವಸ್ಥೆ ಇನ್ನೂ ಪೂರ್ತಿಯಾಗದ ಪೂರ್ವ ಲಂಡನ್ನಿನಲ್ಲಿ. ಬಡವರ ಬಡಾವಣೆ ಅದು. ಸರದಿ ಕೊನೆಗೆ ಬಂದಿತ್ತು.

ಈಗಿನ ಬಡ ನಗರಗಳಲ್ಲಿ ತೊಂದರೆ ಗುಂಡಿ ತುಂಬಿದ ಮೇಲೆ ಶುರುವಾಗುತ್ತದೆ. ಶೌಚಾಲಯ ಕಟ್ಟಿದ ದಿನ ಎಲ್ಲರೂ ಲೆಕ್ಕಕ್ಕೆ ಸೇರಿಸುತ್ತಾರೆ. ತುಂಬಿದ ದಿನ ಯಾರೂ ಇರುವುದಿಲ್ಲ. ಕಿರಿದಾದ ಓಣಿಗೆ ಹೀರುವ ಲಾರಿ ಬರುವುದಿಲ್ಲ. ಯಾರೋ ಒಬ್ಬ ಬಡವ ಬಕೆಟ್ ಹಿಡಿದು ಗುಂಡಿಗೆ ಇಳಿಯುತ್ತಾನೆ, ಹೊಲಸು ಪಕ್ಕದ ಮೋರಿಗೆ ಹೋಗುತ್ತದೆ. ಮಳೆ ಬಂದಾಗ ಅದೇ ಎಲ್ಲರ ಅಂಗಳಕ್ಕೆ. ಗುಂಡಿಗೆ ಇಳಿದವನ ಪ್ರಾಣಕ್ಕೇ ಅಪಾಯ. ಎರಡು ಗುಂಡಿ ಇದ್ದರೆ ಇದು ತಪ್ಪುತ್ತದೆ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಟ್ಟರೆ ಒಳಗಿನದು ವಾಸನೆಯಿಲ್ಲದ ಗೊಬ್ಬರ. ಆದರೆ ಇದಕ್ಕೆ ಜಾಗ ಬೇಕು. ಇಕ್ಕಟ್ಟಿನ ಕೊಳೆಗೇರಿಯಲ್ಲಿ ಅದೇ ಇರುವುದಿಲ್ಲ.

ಶಾಲೆಯ ಶೌಚಾಲಯದ ಬಗ್ಗೆ ಒಂದೇ ಮಾತು. ಭಾರತದಲ್ಲಿ 2003ರ ಸುಮಾರಿಗೆ ಶಾಲೆಗಳಲ್ಲಿ ಕಟ್ಟಿಸಿದ ಶೌಚಾಲಯಗಳನ್ನು ಅಂಜಲಿ ಅಡುಕಿಯಾ ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಶಾಲೆ ಸೇರುವವರ ಸಂಖ್ಯೆ ಏರಿತ್ತು. ಚಿಕ್ಕ ಮಕ್ಕಳಿಗೆ ಯಾವುದಾದರೂ ಒಂದು ಸಾಕಾಗುತ್ತಿತ್ತು. ಮೈನೆರೆಯುವ ವಯಸ್ಸಿನ ಹುಡುಗಿಯರು ಬಂದದ್ದು ಹುಡುಗಿಯರಿಗೇ ಬೇರೆ ಶೌಚಾಲಯ ಇದ್ದ ಕಡೆ.

ಬಡವರು ನೀರಿಗೆ ಕೊಡುವ ಬೆಲೆಯ ವಿಚಾರ ಕೇಳಿದರೆ ನಿಮಗೆ ಸಿಟ್ಟು ಬರಬಹುದು. ಜಕಾರ್ತಾ, ಮನಿಲಾ, ನೈರೋಬಿಯ ಕೊಳೆಗೇರಿಗಳಲ್ಲಿ ಒಂದು ಲೀಟರಿಗೆ ಕೊಡುವುದು ಅದೇ ಊರಿನ ಶ್ರೀಮಂತರಿಗಿಂತ 5ರಿಂದ 10 ಪಟ್ಟು ಜಾಸ್ತಿ ಎಂದು ವಿಶ್ವಸಂಸ್ಥೆಯ 2006ರ ಮಾನವ ಅಭಿವೃದ್ಧಿ ವರದಿ ಹೇಳಿತ್ತು. ಶ್ರೀಮಂತರ ಮನೆಗೆ ಸರ್ಕಾರಿ ಪೈಪು, ಸಬ್ಸಿಡಿ ದರ. ಬಡವರಿಗೆ ಟ್ಯಾಂಕರಿನವನು, ಕ್ಯಾನಿನವನು. ನೀರಿನ ದರ ಕಮ್ಮಿ ಇಟ್ಟರೆ ಬಡವರಿಗೆ ಒಳ್ಳೆಯದು ಎಂದು ರಾಜಕಾರಣಿಗಳು ಹೇಳುತ್ತಾರೆ. ನಲ್ಲಿಯೇ ಇಲ್ಲದವರಿಗೆ ದರ ಕಮ್ಮಿಯಾದರೆ ಏನು ಬಂತು? ಲೀಟರಿಗೆ ಕೊಡುವ ಸಬ್ಸಿಡಿಯನ್ನು ಹೊಸ ಸಂಪರ್ಕಕ್ಕೆ ಕೊಡಿ ಎನ್ನುವುದು ನನ್ನ ವಾದ.

ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್ ಇದನ್ನು ಮಾಡಿ ತೋರಿಸಿತು. ದೀರ್ಘ ಯುದ್ಧದಿಂದ ಹಾಳಾದ ಊರು. 1993ರಲ್ಲಿ ಪೈಪಿಗೆ ಬಿಟ್ಟ ನೀರಿನಲ್ಲಿ ನೂರಕ್ಕೆ 72 ಪಾಲು ಸೋರಿಯೋ ಕಳವಾಗಿಯೋ ಹೋಗುತ್ತಿತ್ತು. ಊರಿನ ಸುಮಾರು ಕಾಲು ಭಾಗಕ್ಕೆ ಮಾತ್ರ ನೀರು, ಅದೂ ದಿನಕ್ಕೆ ಹತ್ತು ಗಂಟೆ. ಎಕ್ ಸೊನ್ ಚಾನ್ ಎಂಬುವರು ನೀರು ಮಂಡಳಿಯ ಮುಖ್ಯಸ್ಥರಾದರು. ಎಲ್ಲ ಮನೆಗೂ ಮೀಟರ್ ಹಾಕಿಸಿದರು, ಬಿಲ್ ಕಟ್ಟದ ದೊಡ್ಡವರ ನಲ್ಲಿ ಕತ್ತರಿಸಿದರು. ಒಬ್ಬ ಸೇನಾಧಿಕಾರಿಯ ಮನೆಗೆ ಹೋದಾಗ ತಲೆಗೆ ಬಂದೂಕು ಹಿಡಿದಿದ್ದರಂತೆ. ಬಡವರಿಗೆ ಸಂಪರ್ಕದ ಶುಲ್ಕದಲ್ಲಿ ರಿಯಾಯಿತಿ, ಉಳಿದದ್ದಕ್ಕೆ ಕಂತು. 2010ರ ಹೊತ್ತಿಗೆ ಸೋರಿಕೆ ನೂರಕ್ಕೆ 6ರ ಆಸುಪಾಸಿಗೆ ಇಳಿದಿತ್ತು, ದಿನದ 24 ಗಂಟೆಯೂ ನೀರು ಬರುತ್ತಿತ್ತು. ಆಗ ಆ ದೇಶ ಶ್ರೀಮಂತವೇನೂ ಆಗಿರಲಿಲ್ಲ. 'ದುಡ್ಡಿದ್ದವರು ಪೈಪು ಹಾಕಿಸಿಕೊಂಡರು' ಎಂಬ ನಿಮ್ಮ ಮಾತಿಗೆ ಇದಕ್ಕಿಂತ ಒಳ್ಳೆಯ ಮಾರುತ್ತರ ನನಗೆ ಗೊತ್ತಿಲ್ಲ.

ಕೊನೆಗೆ, ನೀವು ಕೊಡಲಿರುವ ಹಣ. ಕೊಡಿ. ಆದರೆ ಸುಮ್ನೆ ಚೆಂದದ ಫೋಟೋ ನೋಡಿ ಕೊಡಬೇಡಿ. ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಕೈಪಂಪುಗಳ ಪೈಕಿ ಸುಮಾರು ಮೂರರಲ್ಲಿ ಒಂದು ಕೆಟ್ಟು ನಿಂತಿವೆ ಎಂದು 2009ರ ಸುಮಾರಿನ ಲೆಕ್ಕ ಇತ್ತು. ಕೆಡುವುದು ದೊಡ್ಡ ಕಾರಣಕ್ಕಲ್ಲ. ಒಳಗಿನ ವಾಷರ್ ಸವೆಯುತ್ತದೆ. ಮೊದಲು ನಾಲ್ಕು ಸಲ ಜಗ್ಗಿದರೆ ಬರುತ್ತಿದ್ದ ನೀರಿಗೆ ಈಗ ಇಪ್ಪತ್ತು ಸಲ. ಆಮೇಲೆ ಬರುವುದೇ ಇಲ್ಲ. ವಾಷರಿಗೆ ಬೆಲೆ ಹೆಚ್ಚಿಲ್ಲ, ಆದರೆ ಅದು ಸಿಗುವ ಅಂಗಡಿ ದೂರ, ಬಿಚ್ಚಿ ಹಾಕುವವನು ಇನ್ನೂ ದೂರ, ದುಡ್ಡು ಯಾರು ಕೊಡಬೇಕು ಎಂಬುದು ತೀರ್ಮಾನವೇ ಆಗಿಲ್ಲ. ಕೀನ್ಯಾದ ಕ್ಯೂಸೊ ಎಂಬಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಪಂಪಿನ ಹಿಡಿಕೆಯೊಳಗೆ ಮೊಬೈಲ್ ಸಂದೇಶ ಕಳಿಸುವ ಚಿಕ್ಕ ಸಾಧನ ಇಟ್ಟು, ರಿಪೇರಿಗೆ ಒಂದು ತಂಡ ನೇಮಿಸಿದರು. ಪಂಪು ಕೆಟ್ಟು ನಿಲ್ಲುವ ಅವಧಿ ಸುಮಾರು 27 ದಿನದಿಂದ 3 ದಿನಕ್ಕೆ ಇಳಿಯಿತು.

ಆ ಸಂಸ್ಥೆಯವರನ್ನು 'ಎಷ್ಟು ಬಾವಿ ತೋಡಿದಿರಿ?' ಎಂದು ಕೇಳಬೇಡಿ. ಐದು ವರ್ಷ ಹಿಂದೆ ತೋಡಿದ್ದರಲ್ಲಿ ಇವತ್ತು ಎಷ್ಟು ನೀರು ಕೊಡುತ್ತಿವೆ ಎಂದು ಕೇಳಿ. ರಿಪೇರಿ ಯಾರು ಮಾಡುತ್ತಾರೆ, ಅದಕ್ಕೆ ದುಡ್ಡು ಎಲ್ಲಿಂದ ಎಂದು ಕೇಳಿ. ನೀರನ್ನು ಪರೀಕ್ಷೆ ಮಾಡಿಸುತ್ತಾರಾ ಎಂಬುದನ್ನೂ ಬಿಡಬೇಡಿ. ಬಾಂಗ್ಲಾದೇಶದಲ್ಲಿ ಕೆರೆ ನೀರಿನ ಭೇದಿ ತಪ್ಪಿಸಲು 1970ರ ದಶಕದಿಂದ ಲಕ್ಷಗಟ್ಟಲೆ ಕೊಳವೆಬಾವಿ ತೋಡಿದರು. ಅವುಗಳಲ್ಲಿ ಎಷ್ಟೋ ಬಾವಿಗಳ ನೀರಿನಲ್ಲಿ ಆರ್ಸೆನಿಕ್ ವಿಷ ಇದೆ ಎಂದು ತಿಳಿಯುವ ಹೊತ್ತಿಗೆ 1990ರ ದಶಕ ಬಂದಿತ್ತು, ಕೋಟಿಗಟ್ಟಲೆ ಜನ ಅದನ್ನೇ ಕುಡಿದಿದ್ದರು.

ಈ ಪ್ರಶ್ನೆಗಳಿಗೆ ಅಂಕಿ ಸಮೇತ ಉತ್ತರ ಕೊಟ್ಟರೆ, ಕೆಟ್ಟ ಪಂಪುಗಳ ಲೆಕ್ಕವನ್ನೂ ಮುಚ್ಚಿಡದೆ ಹೇಳಿದರೆ, ಅವರಿಗೇ ಕೊಡಿ. ಇಂಥ ಕೆಲಸಕ್ಕೇ ಎಂದು ಕಟ್ಟು ಹಾಕಬೇಡಿ. ಹೊಸ ಬಾವಿಗೆ ದಾನಿಗಳು ಸುಲಭವಾಗಿ ಸಿಗುತ್ತಾರೆ. ಮೆಕ್ಯಾನಿಕ್ಕಿನ ಸಂಬಳಕ್ಕೆ, ಕ್ಲೋರಿನ್ ಡಬ್ಬಿ ಮತ್ತೆ ತುಂಬಿಸಲು ಸಿಗುವುದಿಲ್ಲ. ನೀವು ಪ್ರತಿ ವರ್ಷ ಕೊಡುವವರಾದ್ದರಿಂದ ನಿಮ್ಮ ಹಣ ಅದಕ್ಕೇ ಹೆಚ್ಚು ಉಪಯೋಗ.